ಮೂರನೇ ಬೆರಳು

ಹರಳೆಣ್ಣೆ ಎಂದರೆ ನನ್ನ ವಯಸ್ಸಿನವರು ಈಗಲೂ ಮೂಗು ಮುಚ್ಚಿಕೊಳ್ಳುತ್ತಾರೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಬಾಯಿಗೆ ಸುರಿಯುತ್ತಿದ್ದರಲ್ಲ, ಅದನ್ನು ಯಾರು ತಾನೇ ಮರೆತಾರು! ನನಗೆ ಮಾತ್ರ ಆ ವಾಸನೆಯ ನೆನಪೇ ಬೇರೆ. ಅದರ ಜೊತೆಗೆ ಹೊಸ ಚರ್ಮದ ವಾಸನೆಯೂ ಸೇರಿಬಿಟ್ಟರೆ ಮುಗಿಯಿತು, ಎಂಬತ್ತು ದಾಟಿದ ಮುದುಕಿ ಎನ್ನುವುದನ್ನು ಮರೆತು ಹತ್ತು ವರ್ಷದ ಹುಡುಗಿಯಾಗಿಬಿಡುತ್ತೇನೆ.

ಹೋದ ವಾರ ಹಾಗೇ ಆಯಿತು. ಇಂದಿರಾನಗರದಲ್ಲಿರುವ ಮೊಮ್ಮಗಳು ಹೊಸದೊಂದು ನಾಯಿಮರಿ ತಂದಿದ್ದಾಳೆ. ಹಳೆಯದು ಸತ್ತಾಗ "ಇನ್ನು ಈ ಮನೆಗೆ ನಾಯಿ ಬೇಡವೇ ಬೇಡ ಅಜ್ಜಿ" ಎಂದು ಮೂರು ದಿನ ಸರಿಯಾಗಿ ಊಟ ಮಾಡದಿದ್ದವಳು ಇವಳೇ. ಆರು ತಿಂಗಳಾಗಿಲ್ಲ, ತಂದಳು. ನಾನು ಕಿಚಾಯಿಸಲಿಲ್ಲ. ಬೆಲ್ಟಿನ ಚರ್ಮ ಗಡುಸಾಗಿದೆ, ಮರಿಯ ಕತ್ತಿಗೆ ಒತ್ತುತ್ತದೆ ಎಂದಳು. ಅಡುಗೆಮನೆಯಿಂದ ಹರಳೆಣ್ಣೆ ತರಿಸಿ ಬೆರಳಲ್ಲಿ ಉಜ್ಜಲು ಕೂತೆ. ಎರಡು ಸಲ ಉಜ್ಜಿದ್ದೇ ತಡ... ಚಾಚಾ ಬಂದು ಎದುರಿಗೆ ಕೂತ ಹಾಗಾಯಿತು.

ಇವತ್ತಿನ ಶಿವಾಜಿನಗರವನ್ನು ಆಗ ನಾವು ಬ್ಲಾಕ್‌ಪಲ್ಲಿ ಎನ್ನುತ್ತಿದ್ದೆವು. ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ತಗಡಿನ ಡಬ್ಬ ಬೆಸೆಯುವವನೊಬ್ಬನ ಪಕ್ಕದಲ್ಲಿ, ಹಲಗೆ ಬಾಗಿಲಿನ ಒಂದು ಪುಟ್ಟ ಅಂಗಡಿ ಅವರದು. ಜಟಕಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವುದು ಕಸುಬು. ಅದರಲ್ಲಿ ಮಿಕ್ಕ ಚರ್ಮದಿಂದ ನಾಯಿಗಳಿಗೆ ಕತ್ತಿನ ಪಟ್ಟಿ ಮಾಡಿ ಹರಳೆಣ್ಣೆಯಲ್ಲಿ ನೆನೆಸಿ, ಉಜ್ಜಿ, ಗಿಣಿಯ ನಾಲಿಗೆಯಷ್ಟು ಮೆತ್ತಗೆ ಮಾಡಿ ಕೊಡುತ್ತಿದ್ದರು. ಅಪ್ಪ ಅವರನ್ನು ಸಾಬ್ರೇ ಎನ್ನುತ್ತಿದ್ದ, ನಾನು ಚಾಚಾ ಎನ್ನುತ್ತಿದ್ದೆ. ಹೆಸರು ಕೇಳಬೇಕೆಂದು ಆ ವಯಸ್ಸಿನಲ್ಲಿ ಹೊಳೆಯಲೇ ಇಲ್ಲ.

ಚಾಚಾ ಕತ್ತು ನೋಡದೆ ಪಟ್ಟಿ ಹೊಲಿದವರಲ್ಲ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಣ್ಣದು, ದೊಡ್ಡದು ಎಂದು ನೇತುಹಾಕಿದ ಪಟ್ಟಿಗಳ ಮಾತೆತ್ತಿದರೆ ಅವರಿಗೆ ನಗು. ನಾಯಿಯನ್ನೇ ಕರೆದುಕೊಂಡು ಹೋಗಬೇಕು. ನಮಾಜಿಗೆ ಹೋಗುವ ಬಟ್ಟೆಗೆ ಎಂಜಲು ತಾಗದಿರಲೆಂದು ತೊಡೆಯ ಮೇಲೆ ಗೋಣಿ ಹಾಸಿಕೊಂಡು, ನಾಯಿಯನ್ನು ಅದರ ಮೇಲೆ ಒರಗಿಸಿಕೊಂಡು, ದಾರ ಕಟ್ಟಿದ ಕನ್ನಡಕದೊಳಗಿಂದ ಅದರ ಕತ್ತನ್ನು ನೋಡುತ್ತಿದ್ದರು. ಜೀವಮಾನವಿಡೀ ಊರವರ ನಾಯಿಗಳಿಗೆ ಪಟ್ಟಿ ಹೊಲಿದವರು, ಸ್ವಂತಕ್ಕೊಂದು ನಾಯಿ ಸಾಕಿದವರಲ್ಲ. ಪಟ್ಟಿ ಕಟ್ಟಿದ ಮೇಲೆ ನನ್ನ ಕೈ ಹಿಡಿದು ಎರಡು ಬೆರಳನ್ನು ಅದರೊಳಗೆ ತೂರಿಸಿ ತೋರಿಸಿದ್ದರು.

"ಎರಡು ಸಲೀಸಾಗಿ ಹೋಗ್ಬೇಕು ಬೇಟಾ. ಮೂರನೇ ಬೆರಳು ಹೋಯ್ತೋ, ನಾಯಿನೂ ಹೋಯ್ತು ಅಂತ್ಲೇ ತಿಳ್ಕೋ."

ನಮ್ಮ ನಾಯಿಯ ಹೆಸರು ಟೈಗರ್. ಹೆಸರಷ್ಟೇ. ಪಕ್ಕದ ಮನೆಯ ಬೆಕ್ಕು ಗೋಡೆ ಮೇಲೆ ಬಂದರೆ ಇವನು ಅಮ್ಮನ ಸೀರೆಯ ಹಿಂದೆ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಅಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಬಡಗಿ. ಬೆಳಿಗ್ಗೆ ಅವನು ಸೈಕಲ್ ಹತ್ತಿದರೆ ಟೈಗರ್ ಹಲಸೂರಿನ ನಮ್ಮ ಬೀದಿಯ ಕೊನೆಯವರೆಗೂ ಓಡಿ ಬೀಳ್ಕೊಟ್ಟು, ಸಂಜೆ ಅದೇ ಜಾಗದಲ್ಲಿ ಕಾದು ಕೂರುತ್ತಿದ್ದ. ಅಪ್ಪನಿಗೆ ಅವನೆಂದರೆ ಪ್ರಾಣ. ನನಗೆ ಅಷ್ಟು ಸಲುಗೆ ಕೊಟ್ಟದ್ದು ನೆನಪಿಲ್ಲ!

ಆ ಬೇಸಿಗೆ ಟೈಗರ್ ಪಟ್ಟಿಯ ಕೆಳಗೆ ಬಹಳ ಕೆರೆದುಕೊಳ್ಳುತ್ತಿದ್ದ. ನೋಡಿದರೆ ಕತ್ತು ಕೆಂಪಾಗಿತ್ತು. ಪಾಪ, ಬಿಗಿಯಾಗಿರಬೇಕು ಎಂದುಕೊಂಡೆ. ಅಮ್ಮ ಮಧ್ಯಾಹ್ನ ಮಲಗಿದ್ದಾಗ ಅಪ್ಪನ ಡಬ್ಬಿಯಿಂದ ಒಂದು ಮೊಳೆ ತೆಗೆದು, ಹೊಸ್ತಿಲ ಮೇಲೆ ಪಟ್ಟಿ ಇಟ್ಟು, ಗುಂಡುಕಲ್ಲಿನಲ್ಲಿ ಬಡಿದು, ಚಾಚಾ ಹಾಕಿದ ಮೂರು ತೂತಿನ ಆಚೆ, ತುದಿಗೆ, ನಾಲ್ಕನೆಯದೊಂದು ತೂತು ಮಾಡಿದೆ. ಟೈಗರ್ ನನ್ನ ಮುಖ ನೆಕ್ಕಿದ. ದೊಡ್ಡ ಉಪಕಾರ ಮಾಡಿದೆನೆಂದು ನಾನೂ ಬೀಗಿದೆ.

ಮೂರನೇ ದಿನ ಬೆಳಿಗ್ಗೆ ಅವನನ್ನು ಕೆರೆಯ ಕಡೆ ಕರೆದುಕೊಂಡು ಹೋಗಿದ್ದೆ. ಯುದ್ಧದ ಕಾಲ, ಮಿಲಿಟರಿ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಒಂದು ಲಾರಿ ಪಕ್ಕದಲ್ಲೇ ಹಾರ್ನ್ ಹೊಡೆಯಿತು. ಟೈಗರ್ ಬೆಚ್ಚಿ ಹಿಂದಕ್ಕೆ ಜಗ್ಗಿದ, ತಲೆ ಪಟ್ಟಿಯಿಂದ ಸುಳಕ್ಕನೆ ಆಚೆ ಬಂತು, ನೇರ ರಸ್ತೆಗೆ ಓಡಿದ... ಆಮೇಲಿನದನ್ನು ಬರೆಯಲಾರೆ.

ಕೈಯಲ್ಲಿ ಖಾಲಿ ಪಟ್ಟಿ ಇತ್ತು, ನಾಲ್ಕನೇ ತೂತಿನಲ್ಲಿ ಬಕ್ಕಲ್ ಹಾಗೇ ಇತ್ತು. ಮನೆಗೆ ಬರುವ ದಾರಿಯಲ್ಲಿ ಅದನ್ನು ಬಿಚ್ಚಿದೆ. "ಬಕ್ಕಲ್ ತಾನಾಗೇ ಬಿಚ್ಕೊಂಡ್ಬಿಡ್ತಪ್ಪಾ" ಎಂದೆ. ಅಳು ನಿಜದ್ದೇ, ಮಾತು ಸುಳ್ಳು.

ಅಪ್ಪ ಅವತ್ತೇ ನನ್ನನ್ನೂ ಎಳೆದುಕೊಂಡು ಬ್ಲಾಕ್‌ಪಲ್ಲಿಗೆ ಹೋದ. ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಾಡಿದ. "ಏನ್ರೀ ಸಾಬ್ರೇ, ಇದೇನಾ ನಿಮ್ ಕೆಲ್ಸ? ಬಕ್ಕಲ್ ಬಿಚ್ಕೊಂಡು ನಮ್ ನಾಯಿ ಸತ್ತೋಯ್ತಲ್ರೀ!" ಪಟ್ಟಿಯನ್ನು ಅವರ ಮುಂದೆ ಎಸೆದ. ಪಕ್ಕದ ತಗಡಿನವನು ಸುತ್ತಿಗೆ ನಿಲ್ಲಿಸಿ ನೋಡಿದ. ಕುದುರೆ ಹಿಡಿದು ನಿಂತಿದ್ದ ಜಟಕಾದವನೂ ನೋಡಿದ.

ಚಾಚಾ ಪಟ್ಟಿಯನ್ನು ಎತ್ತಿಕೊಂಡರು. ಬಕ್ಕಲ್ ಎಳೆದು ನೋಡಿದರು, ಅದು ಗಟ್ಟಿಯಾಗಿಯೇ ಇತ್ತು. ಹೆಬ್ಬೆರಳು ತೂತುಗಳ ಮೇಲೆ ಒಂದೊಂದಾಗಿ ಸರಿದು ತುದಿಗೆ ಬಂದು ನಿಂತಿತು. ಅವರ ಉಳಿಯ ತೂತೆಂದರೆ ಹುಣ್ಣಿಮೆ ಚಂದ್ರನಷ್ಟು ದುಂಡು, ನನ್ನದು ಹರಿದ ಬಾಯಿಯ ಹಾಗೆ. ಒಂದೇ ಒಂದು ಸಲ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ತಗಡಿನ ಡಬ್ಬಗಳನ್ನು ನೋಡುತ್ತಾ ನಿಂತೆ.

"ತಪ್ಪಾಯ್ತು ಸ್ವಾಮಿ," ಎಂದರು ಚಾಚಾ. "ನಾನ್ ಸರಿಯಾಗಿ ನೋಡ್ಬೇಕಿತ್ತು. ಮಾಫ್ ಮಾಡಿ."

ಹತ್ತು ವರ್ಷದ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು. ನನಗೆ ಎಲ್ಲವೂ ತಿಳಿದಿತ್ತು. ಬಾಯಿ ಮಾತ್ರ ಬರಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಚಾಚಾ ಹಲಸೂರಿಗೆ, ನಮ್ಮ ಮನೆ ಬಾಗಿಲಿಗೇ ಬಂದರು. ಕುಕ್ ಟೌನಿನ ಒಂದು ಬಂಗಲೆಯ ಸಾರೋಟಿನ ಜೀನು ರಿಪೇರಿ ಅವರ ಕೈಯಲ್ಲೇ ಇತ್ತಂತೆ. ಅಲ್ಲಿಯ ಮಾಲಿಯ ನಾಯಿ ಐದು ಮರಿ ಹಾಕಿದೆ, ಭಾನುವಾರ ಬಂದು ಒಂದನ್ನು ಆರಿಸಿಕೊಳ್ಳಿ, ಪಟ್ಟಿ ನಾನೇ ಹೊಲಿದು ಕೊಡುತ್ತೇನೆ ಎಂದರು. ಅಪ್ಪ ಕೂರಿ ಎನ್ನಲಿಲ್ಲ. ಅಮ್ಮನೇ ಒಳಗಿನಿಂದ, "ಮನೆ ಬಿಕೋ ಅನ್ನತ್ತೆ, ಹೋಗಿ ತಗೊಂಡ್ಬನ್ನಿ" ಎಂದಳು. ನಾನು ನನಗೆ ನಾಯಿ ಬೇಡವೆಂದು ರಂಪ ಮಾಡಿದೆ. ಟೈಗರ್ ಮೇಲಿನ ಪ್ರೀತಿಗೆ ಹೀಗಾಡುತ್ತಿದ್ದಾಳೆ ಎಂದು ಇಬ್ಬರೂ ತಿಳಿದರು. ನನ್ನ ಹೆದರಿಕೆ ನನ್ನ ಕೈಯದೇ ಆಗಿತ್ತು. ಇನ್ನೊಂದು ನಾಯಿಯನ್ನು ಈ ಕೈಗೆ ಕೊಟ್ಟರೆ ಗತಿಯೇನು ಅಂತ.

ಭಾನುವಾರ ಚಾಚಾ ಜೊತೆ ಹೋದೆವು. ಬಂಗಲೆಯ ಹಿಂದೆ ಕುದುರೆ ಲಾಯ, ಅದರ ಮೂಲೆಯ ಹುಲ್ಲಿನಲ್ಲಿ ಮರಿಗಳು. ಅಪ್ಪ ನೋಡಿದವನೇ ಒಂದನ್ನು ಎತ್ತಿಕೊಂಡ. ಬಿಳಿ ಮೈ, ಒಂದು ಕಿವಿ ಕಂದು.

"ನೋಡೇ! ನಮ್ ಟೈಗರೇ ವಾಪಸ್ ಬಂದಂಗಿದೆ. ಇದೇ ಇರ್ಲಿ."

ಎರಡು ತಿಂಗಳ ಮೇಲೆ ಅಪ್ಪನ ಮುಖದಲ್ಲಿ ನಗು ಕಂಡಿದ್ದೆ. ನಾನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ. ಆ ಕಿವಿಯನ್ನು ದಿನ ಬೆಳಗಾದರೆ ನೋಡಬೇಕು, ಅದೇ ಹೆಸರಿನಲ್ಲಿ ಕರೆಯಬೇಕು... ಆಗುವುದಿಲ್ಲ ಎನ್ನಲೂ ಆಗದೆ ನಿಂತೆ. ಚಾಚಾ ನನ್ನನ್ನು ನೋಡಿದರು. ಅವತ್ತು ಗೋಣಿ ತಂದಿರಲಿಲ್ಲ. ಶುಭ್ರವಾದ ಬಿಳಿ ಬಟ್ಟೆಯಲ್ಲೇ ಹುಲ್ಲಿನ ಮೇಲೆ ಕೂತು, ಅಪ್ಪನ ಕೈಯಿಂದ ಮರಿಯನ್ನು ತೊಡೆಗೆ ಹಾಕಿಕೊಂಡು, ಅದರ ಕತ್ತನ್ನು ಬೆರಳಿನಲ್ಲಿ ಬಳಸಿದರು.

"ಇದು ಬೇಡ ಸ್ವಾಮಿ. ಕತ್ತು ದಪ್ಪ, ತಲೆ ಸಣ್ಣ. ಪಟ್ಟಿ ನಿಲ್ಲಲ್ಲ."

"ನಿಮ್ ಪಟ್ಟಿ ಯಾವ್ ಕತ್ತಲ್ಲಿ ನಿಂತೀತು ಹೇಳಿ!" ಎಂದ ಅಪ್ಪ.

ಚಾಚಾ "ಅದೂ ನಿಜಾನೇ" ಎಂದರು, ನಗುತ್ತಲೇ. "ಆದ್ರೂ ಇದು ಬೇಡ. ಮಗು ಆರಿಸ್ಲಿ."

ಆಮೇಲೆ ನಾನು ಎಷ್ಟೋ ನಾಯಿ ಸಾಕಿದ್ದೇನೆ. ಅಷ್ಟು ಸಣ್ಣ ಮರಿಯ ಕತ್ತು ಮುಟ್ಟಿ ಹಾಗೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಒಂದು ಸುಳ್ಳಿಗಾಗಿ ಮಾತು ಕೇಳಿಸಿಕೊಂಡದ್ದು ಸಾಲದೆಂದು ಅವರು ಇನ್ನೊಂದು ಸುಳ್ಳು ಹೇಳಿದ್ದರು, ಅದೂ ನನಗಾಗಿ. ನಾನು ಟೈಗರನ್ನು ಯಾವ ರೀತಿಯಲ್ಲೂ ಹೋಲದ, ಮೂಲೆಯಲ್ಲಿ ಕೆಂಡದಂತೆ ಕಣ್ಣು ಬಿಡುತ್ತಿದ್ದ ಕರಿ ಹೆಣ್ಣುಮರಿಯನ್ನು ತೋರಿಸಿದೆ. ಅಪ್ಪ ಮುಖ ಸಿಂಡರಿಸಿದ. ಕಾಳಿ ನಮ್ಮ ಮನೆಗೆ ಬಂದದ್ದು ಹಾಗೆ.

ಮಾರನೇ ವಾರ ಅವಳನ್ನು ಕೈಚೀಲದಲ್ಲಿ ಹಾಕಿಕೊಂಡು ನಾನೊಬ್ಬಳೇ ಅಂಗಡಿಗೆ ಹೋದೆ. ಚಾಚಾ ಟೈಗರಿನ ಪಟ್ಟಿಯನ್ನೇ ಚಿಕ್ಕದು ಮಾಡಿ, ಹೊಸದಾಗಿ ಹೊಲಿದು, ಎಣ್ಣೆ ಉಜ್ಜಿ ಇಟ್ಟಿದ್ದರು. ಕಟ್ಟಿದ ಮೇಲೆ ನನ್ನ ಎರಡು ಬೆರಳು ತೂರಿಸಿ ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಚರ್ಮದ ತುಂಡು ತೆಗೆದು ನನ್ನ ಅಂಗೈಲಿಟ್ಟರು. ಹಳೆಯ ಪಟ್ಟಿಯ ತುದಿ. ಮೂರು ದುಂಡು ತೂತು, ಒಂದು ಹರಕು ತೂತು.

"ಇದು ನಿಂದು, ಇಟ್ಕೋ. ಬಿಗಿ ಅನ್ಸಿದ್ರೆ ನನ್ ಹತ್ರ ಬಾ ಬೇಟಾ. ಮೊಳೆ ಮುಟ್ಬೇಡ."

ಅಳುತ್ತಲೇ ಕೇಳಿದೆ, ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು.

"ನಿಮ್ಮಪ್ಪನ ಕೋಪ ನನ್ ಮೇಲಾದ್ರೆ ಇಲ್ಲೇ ಗಲ್ಲೀಲಿ ಬಿಟ್ ಹೋಗ್ತಾರೆ. ನಿನ್ ಮೇಲಾದ್ರೆ ಮನೇಗ್ ತಗೊಂಡ್ ಹೋಗ್ಬೇಕಲ್ಲ. ಧೈರ್ಯ ಬಂದಾಗ ನೀನೇ ಹೇಳು."

ಕಾಳಿ ಬೆಳೆದಳು. ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿಗೆ ಇನ್ನೊಂದು ತೂತು ಬೇಕಾಗುತ್ತಿತ್ತು. ಹೋದಾಗಲೆಲ್ಲ ಚಾಚಾ ಉಳಿ ಇಟ್ಟು, ಸುತ್ತಿಗೆ ಎತ್ತಿ, ಹೊಡೆಯುವ ಮುಂಚೆ ಕೇಳುತ್ತಿದ್ದರು: "ಹೇಳ್ದ್ಯಾ?" ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ "ಇರ್ಲಿ" ಎಂದು ಒಂದೇ ಏಟಿಗೆ ತೂತು ಹಾಕುತ್ತಿದ್ದರು. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ನಾಲ್ಕು ತೂತಿಗೆ ಕಾಳಿಯ ಕತ್ತು ಬೆಳೆಯುವುದು ನಿಂತಿತು. ಹೋಗಲು ನೆಪ ಇಲ್ಲದಾಯಿತು. ನಿಜ ಹೇಳಬೇಕೆಂದರೆ, ನೆಪ ಇಲ್ಲದ್ದು ನನಗೆ ಹಾಯೆನಿಸಿತು.

ಅಪ್ಪನೂ ಕಾಳಿಗೆ ಸೋತ. ಅವಳು ಬೀದಿಯ ಕೊನೆಯಲ್ಲಿ ಕಾಯುತ್ತಿರಲಿಲ್ಲ, ಕೆರೆಯವರೆಗೂ ಓಡಿ ಹೋಗಿ ಸೈಕಲ್ಲಿಗೆ ಅಡ್ಡ ಬೀಳುತ್ತಿದ್ದಳು. ಅಪ್ಪ ಬೈಯುತ್ತಾ ನಗುತ್ತಿದ್ದ. ಆದರೆ ಮನೆಗೆ ಬಂದ ಕಾರ್ಖಾನೆಯವರು ಯಾರಾದರೂ ಚರ್ಮದ ಕೆಲಸದ ಮಾತೆತ್ತಿದರೆ ಸಾಕು, ಆ ಸಾಬರ ಹತ್ತಿರ ಮಾತ್ರ ಹೋಗಬೇಡಿ ಎನ್ನುತ್ತಿದ್ದ. ಯುದ್ಧ ಮುಗಿದು ಸೈನಿಕರ ಕುದುರೆಗಳೂ ಹೋಗಿದ್ದವು, ಜಟಕಾಗಳೂ ಕಡಿಮೆಯಾಗುತ್ತಿದ್ದವು. ಅಂಥ ಹೊತ್ತಿನಲ್ಲಿ ಅಪ್ಪನ ಆ ಮಾತು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಎರಡು ವರ್ಷದ ಮೇಲೆ ಕಾಳಿಯ ಪಟ್ಟಿ ಸವೆಯಿತು. "ಈ ಸಲ ಕಮರ್ಷಿಯಲ್ ಸ್ಟ್ರೀಟಲ್ಲಿ ತರ್ತೀನಿ," ಎಂದ ಅಪ್ಪ ಊಟಕ್ಕೆ ಕೂತವನು. "ಸಾಬ್ರನ್ನ ನಂಬ್ಕೊಂಡ್ರೆ ಇವ್ಳನ್ನೂ ಕಳ್ಕೋತೀವಿ."

ಎದ್ದು ಹೋಗಿ ಆ ತುಂಡನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟೆ. ಎಲ್ಲವನ್ನೂ ಹೇಳಿದೆ. ಅಪ್ಪ ಬಡಗಿ. ತುಂಡನ್ನು ದೀಪಕ್ಕೆ ಹಿಡಿದು ನಾಲ್ಕನೇ ತೂತನ್ನು ನೋಡಿದ. "ನನ್ ಡಬ್ಬಿ ಮೊಳೆ" ಎಂದ. ಹೊಡೆಯಲಿಲ್ಲ, ಊಟವನ್ನೂ ಮುಗಿಸಲಿಲ್ಲ.

ಭಾನುವಾರ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಹೊರಟ. ಕಾಳಿ ಪಕ್ಕದಲ್ಲಿ ಓಡಿ ಬಂದಳು. ಅಂಗಡಿಯ ಹಲಗೆಗಳು ಹಾಕಿದ್ದವು. ಪಕ್ಕದ ತಗಡಿನವನು ತಲೆಯೆತ್ತಿ ನೋಡಿ, "ಅವ್ರು ತೀರ್ಕೊಂಡು ಇಪ್ಪತ್ತು ದಿವ್ಸ ಆಯ್ತಣ್ಣಾ" ಎಂದ.

ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಆಮೇಲೆ, ಅವತ್ತು ಕೂಗಾಡಿದ ಅದೇ ಜಾಗದಲ್ಲಿ, ಅಷ್ಟೇ ಗಟ್ಟಿಯಾಗಿ, ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದ.

"ಅವ್ರ್ ಪಟ್ಟಿ ಸರಿಯಾಗೇ ಇತ್ತು ಕಣ್ರಪ್ಪಾ. ಬಕ್ಕಲ್ಲೂ ಸರಿಯಾಗಿತ್ತು. ತಪ್ಪು ನಮ್ದು."

ತಗಡಿನವನು ಸುತ್ತಿಗೆ ಕೆಳಗಿಟ್ಟ. ಕಾಳಿ ಹಲಗೆಯ ಸಂದಿಗೆ ಮೂಗಿಟ್ಟು ಒಳಗಿನ ಎಣ್ಣೆ ವಾಸನೆ ಹಿಡಿದು ಬಾಲ ಅಲ್ಲಾಡಿಸುತ್ತಿದ್ದಳು. ಅವಳನ್ನು ಅಲ್ಲಿಂದ ಎಳೆದು ತರಬೇಕಾಯಿತು.

ಈಗ ಆ ಗಲ್ಲಿಗೆ ಹೋದರೆ ನನಗೆ ಜಾಗವೇ ಗುರುತು ಸಿಗುವುದಿಲ್ಲ. ಅಪ್ಪ ಇಲ್ಲ, ಕಾಳಿ ಇಲ್ಲ, ತುಂಡು ಮಾತ್ರ ನನ್ನ ಪೆಟ್ಟಿಗೆಯಲ್ಲಿದೆ. ಮೊನ್ನೆ ಎಣ್ಣೆ ಉಜ್ಜಿದ ಬೆಲ್ಟನ್ನು ಮರಿಗೆ ಕಟ್ಟಿ ಮೊಮ್ಮಗಳ ಬೆರಳು ಹಿಡಿದು ಒಳಗೆ ತೂರಿಸಿದೆ. ಒಂದು, ಎರಡು. ಮೂರನೆಯದು ಹೋಗಲಿಲ್ಲ. "ಇದನ್ನ ಯಾರ್ ಹೇಳ್ಕೊಟ್ರಜ್ಜಿ?" ಎಂದಳು. ಅದಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

ಹೇಳಿದೆ ಚಾಚಾ... ಇಪ್ಪತ್ತು ದಿನ ತಡವಾಯಿತು.