ಕ್ಷೌರಿಕ ಬಿಹಿಯ ಬಾಣಂತನ

ನಮ್ಮ ತರೂದಾಂತ್ ಕೋಟೆಯೊಳಗೆ ಸೈಕಲ್ ಬಾರದವನೆಂದರೆ ಈಜು ಬಾರದ ಮೀನಿದ್ದ ಹಾಗೆ. ಐವತ್ತು ದಾಟುವವರೆಗೂ ಕ್ಷೌರಿಕ ಬಿಹಿ ಅಂಥ ಮೀನಾಗಿಯೇ ಇದ್ದ. ಅಂಗಡಿಯ ಹಿಂದೆ ಮನೆ, ಎದುರಿಗೆ ಮಸೀದಿ, ಪಕ್ಕದಲ್ಲಿ ಹರಟೆಗೆ ನನ್ನ ಮಸಾಲೆ ಅಂಗಡಿ. ಅವನಿಗೆ ಹೋಗಬೇಕಾದದ್ದಾದರೂ ಎಲ್ಲಿಗೆ? ಅವನ ಹೆಂಡತಿ ಇಜ್ಜಾ ಮಾತ್ರ ಉದ್ದಂಗಿಯನ್ನು ಎತ್ತಿ ಸಿಕ್ಕಿಸಿ, ಹಿಂದೆ ತರಕಾರಿ ಬುಟ್ಟಿ ಕಟ್ಟಿ, ಗಾಳಿಯ ಹಾಗೆ ಸೈಕಲ್ಲಿನಲ್ಲಿ ಹೋಗಿಬರುವವಳು. ಅವಳಿಗೆ ಮದುವೆಯಾದಾಗಿನಿಂದ ಒಂದೇ ಆಸೆ. ಗಂಡನ ಜೊತೆ ಸಮಕ್ಕೆ ಸೈಕಲ್ ತುಳಿದು ತವರಿನ ಬಾಗಿಲಿಗೆ ಹೋಗಿ ಇಳಿಯಬೇಕು.

ಆ ಚಳಿಗಾಲದಲ್ಲಿ ಬಿಹಿ ಬಿದ್ದು ಎದ್ದು ಹೇಗೋ ಸೈಕಲ್ ಕಲಿತ. ವಸಂತ ಬರುತ್ತಲೇ ತವರೂರು ತಿಯೂತ್‌ನಲ್ಲಿ ಇಜ್ಜಾಳ ತಂಗಿ ಹೆತ್ತಳು. ಏಳನೆಯ ದಿನ ಹೆಸರಿಡುವ ಊಟ. "ಇಬ್ಬರೂ ಸೈಕಲ್ಲಲ್ಲೇ ಬರ್ತೀವಿ" ಎಂದು ಇಜ್ಜಾ ಫೋನಿನಲ್ಲಿ ಹೇಳಿಯೂಬಿಟ್ಟಳು. ಅತ್ತ ಕಡೆಯಿಂದ ಅವಳ ತಮ್ಮ ಬೂಜಮಾ ನಕ್ಕ.

"ಅಕ್ಕಾ, ಭಾವನ್ನ ಕಿತ್ತಳೆ ಲಾರಿಗೆ ಹಾಕಿ ಕಳ್ಸು. ಹಣ್ಣಿನ ಜೊತೆ ಹಣ್ಣಾಗಿ ಬರ್ಲಿ."

ಬಿಹಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಮರುದಿನವೇ ಅಭ್ಯಾಸಕ್ಕೆಂದು ಒಬ್ಬನೇ ಹೊರಟ. ಎಲ್ಲೂ ನಿಲ್ಲಲಿಲ್ಲ, ಒಂದು ಗುಟುಕು ನೀರು ಕುಡಿಯಲಿಲ್ಲ, ಹೊಳೆ ದಾಟಿ ಆಚೆ ಗುಡ್ಡದ ಬುಡ ಮುಟ್ಟಿ ಬಂದ. ಬಂದವನನ್ನು ಸೈಕಲ್ಲಿನಿಂದ ಇಳಿಸಿದ್ದು ನಾನು. ಕೂತರೆ ಕೆಂಡ, ನಿಂತರೆ ಕೊರಡು!

ಅವನ ತಾಯಿ ಲಲ್ಲಾ ಯಮ್ನಾ ನಮ್ಮ ಕೇರಿಯ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದ ಸೂಲಗಿತ್ತಿ. ಮಗನನ್ನು ತಟ್ಟಿ ಮುಟ್ಟಿ ನೋಡಿದಳು.

"ಸೊಂಟ ಹಿಡ್ದಿದೆ, ತೊಡೆ ಕಟ್ಟಿದೆ, ಕೆಳಗೆಲ್ಲ ಉರಿ. ಇದಕ್ಕೆ ನಂಗೆ ಗೊತ್ತಿರೋದು ಒಂದೇ ಮದ್ದು."

ಬಿಹಿಯ ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ, ಕಂಬಳಿ ಹೊದಿಸಿ ಮಲಗಿಸಿದಳು. ಹೆತ್ತವರಿಗೆ ಮಾಡುವ ಮೆಂತ್ಯದ ಕೋಳಿಸಾರು ಮಾಡಿ, ರೊಟ್ಟಿ ಚೂರುಗಳ ಮೇಲೆ ಸುರಿದು ಉಣ್ಣಿಸಿದಳು. ಆ ಘಮ ಬೀದಿಯುದ್ದ ಹರಡಿತು. ಸಂಜೆಯೊಳಗೆ ನೆರೆಯ ಹೆಂಗಸರು ಬಾಣಂತಿಗೆ ಕೊಡುವ ಸಕ್ಕರೆ ಅಚ್ಚು ಹಿಡಿದು ಬಾಗಿಲಿಗೆ ಬಂದರು.

"ಇಜ್ಜಾ, ಈ ವಯಸ್ಸಲ್ಲಿ ಯಾರಿಗೂ ಹೇಳ್ದೆ ಹೆತ್ತೆಯಲ್ಲೇ! ಗಂಡೋ ಹೆಣ್ಣೋ?"

"ಗಂಡು. ಮೀಸೆ ಸಮೇತ ಹುಟ್ಟಿದೆ. ಬನ್ನಿ, ನೋಡಿ."

ಕೇರಿ ನಕ್ಕಿತು, ಸಕ್ಕರೆಯನ್ನೂ ಬಿಟ್ಟುಹೋಯಿತು. ಆದರೆ ಮಲಗಿದಷ್ಟೂ ಬಿಹಿಯ ಕಾಲು ಒಣಗಿದ ತೊಗಲಿನಂತೆ ಬಿಗಿಯಿತು. ಹೆಸರಿಡುವ ದಿನ ಹತ್ತಿರ ಬರುತ್ತಿತ್ತು. ಎರಡು ರಾತ್ರಿ ಕಳೆದ ಬೆಳಿಗ್ಗೆ ಇಜ್ಜಾ ಕಂಬಳಿ ಎಳೆದಳು.

"ಏಳಿ. ಇದು ಮಲಗಿ ವಾಸಿಯಾಗೋ ನೋವಲ್ಲ. ನಾನು ಕಲಿಯೋವಾಗ್ಲೂ ಹೀಗೇ ಅತ್ತಿದ್ದೆ. ರೊಟ್ಟಿ ಹಲಗೆ ಕಟ್ಕೊಂಡು, ಕೇರಿಯವರೆಲ್ಲ ರೊಟ್ಟಿ ಸುಡಿಸೋ ಒಲೆಮನೆ ತನಕ ಸೈಕಲ್ಲಲ್ಲಿ ಹೋಗಿಬನ್ನಿ. ಮೆಲ್ಲಗೆ."

"ಹಸಿ ಮೈ ಕಣೇ! ಗಾಳಿ ತಾಗತ್ತೆ!" ಎಂದು ಲಲ್ಲಾ ಯಮ್ನಾ ಕೂಗಿದಳು.

"ಅವ್ವಾ, ನಾನು ಹೆತ್ತಿಲ್ಲ!" ಎಂದ ಬಿಹಿ.

ಮೊದಲ ದಿನ ಅವನು ಸೈಕಲ್ ಹಿಡಿದು ನಡೆದದ್ದೇ ಹೆಚ್ಚು. ಅವನಿಗಿಂತ ಮೊದಲು ಹಲಗೆಗೆ ಮುತ್ತಿದ ನೊಣಗಳು ಒಲೆಮನೆ ಮುಟ್ಟಿದವು. ಮರುದಿನ ಹತ್ತಿ ಕೂತ. ಇಜ್ಜಾ ಸೀಟು ಎತ್ತರಿಸಿ ಮೇಲೆ ಕುರಿತುಪ್ಪಳ ಕಟ್ಟಿದಳು, ಸಂಜೆ ಅರ್ಗನ್ ಎಣ್ಣೆ ಹಚ್ಚಿ ತೊಡೆ ನೀವಿದಳು. ಒಲೆಮನೆಗೆ ಹೋದವನು ಕೋಟೆ ಬಾಗಿಲ ತನಕ ಹೋದ, ಆಮೇಲೆ ಕೋಟೆಯನ್ನೇ ಒಂದು ಸುತ್ತು ಹಾಕಿ ಬಂದ. ನೋವು ಹೋಗಲಿಲ್ಲ, ಆದರೆ ಸಾಧುವಾಯಿತು.

ಮುಂದಿನದನ್ನು ನನಗೆ ಹೇಳಿದ್ದು ಇಜ್ಜಾ. ಏಳನೆಯ ದಿನ ಮುಂಜಾನೆಯೇ ಹೊರಟರಂತೆ. ನೆರಳು ಕಂಡಲ್ಲೆಲ್ಲ ನಿಂತು ಖರ್ಜೂರ ತಿಂದು ನೀರು ಕುಡಿದರು. "ಇನ್ನೂ ದಣಿದಿಲ್ಲ ಕಣೇ" ಎಂದು ಇವನು, "ದಣಿಯೋಕೆ ಮುಂಚೆ ನಿಲ್ಬೇಕು" ಎಂದು ಅವಳು. ತಿಯೂತ್‌ನ ಖರ್ಜೂರದ ತೋಪು ಕಂಡ ಮೇಲೆ ಏರು ಶುರುವಾಯಿತು, ಬಿಹಿ ಹಿಂದೆ ಬಿದ್ದ. ತವರಿನ ಬಾಗಿಲಲ್ಲಿ ಬೂಜಮಾ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ. ಇಜ್ಜಾ ಬ್ರೇಕ್ ಹಿಡಿದಳು. ಒಂದು ಕಾಲು ನೆಲಕ್ಕೂರಿ ಕಾಯ್ದಳು. ಗಂಡ ಏದುಸಿರು ಬಿಡುತ್ತಾ ಸಮಕ್ಕೆ ಬಂದ ಮೇಲೆಯೇ ಮತ್ತೆ ತುಳಿದದ್ದು.

ಎರಡು ಸೈಕಲ್ಲೂ ಒಟ್ಟಿಗೆ ಅಂಗಳಕ್ಕೆ ಬಂದವು. ಒಳಗಿನಿಂದ ಹೆಂಗಸರ ನಾಲಿಗೆ ಹೊರಳಿಸುವ ಹರ್ಷದ ಉಲುಕೂಗು ಎದ್ದಿತು.

"ಬನ್ನಿ ಭಾವ, ಕೂತ್ಕೊಳ್ಳಿ" ಎಂದು ಬೂಜಮಾ ದಿಂಬು ಹಾಕಿದ, ಈ ಸಲ ನಗದೆ.

"ಕೂರಲ್ಲಪ್ಪ. ನಿಮ್ಮಕ್ಕನ ಅಪ್ಪಣೆಯಾಗಿದೆ, ಮೊದ್ಲು ಹತ್ತು ಹೆಜ್ಜೆ ಓಡಾಡ್ಬೇಕು" ಎಂದ ಬಿಹಿ, ಕುಂಟುತ್ತಾ ಅಂಗಳ ಸುತ್ತಿದ. ಇಜ್ಜಾ ಅವನ ಪಕ್ಕದಲ್ಲೇ ಸುತ್ತಿದಳು. ತಂಗಿಯ ಮಗುವನ್ನು ನೋಡುವುದೂ ಅವಳಿಗೆ ಆಗ ನೆನಪಿರಲಿಲ್ಲವಂತೆ.