ಸಹಿ ಹಾಕದ ಎರಡು ದಿನ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಶಿಗ್ಗಾಂವಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹುಟ್ಟಿನಿಂದ ಕೈಯೋ ಕಾಲೋ ಪೂರ್ತಿ ಬೆಳೆಯದ ಮಕ್ಕಳನ್ನು ಮನೆಮನೆ ಸಮೀಕ್ಷೆಯಲ್ಲಿ ಗುರುತಿಸಿ, ಪ್ರಾಸ್ಥೆಸಿಸ್ ಅಂದರೆ ಕೃತಕ ಅಂಗ ಜೋಡಿಸುವ ಶಿಬಿರಕ್ಕೆ ಕಳಿಸುವುದೂ ನನ್ನ ಕೆಲಸವೇ.

ಆ ಚಳಿಗಾಲ ಸವಣೂರಿನ ಶಮೀಮಬಾನು ಅಂಥದೊಂದು ಶಿಬಿರಕ್ಕೆ ನೆರವು ಕೂಡಿಸಲು ಹಿರೇಕೆರೂರಿನಿಂದ ಹಾನಗಲ್, ಬಂಕಾಪುರ, ಶಿಗ್ಗಾಂವಿ ಹಾದು ಸವಣೂರಿನವರೆಗೆ ಆರು ದಿನ ಓಡಲು ಹೊರಟರು. ಮನೆಯಲ್ಲೇ ಹೊಲಿಗೆ ಮಾಡುವ ಹೆಂಗಸು. ಒಂಬತ್ತು ವರ್ಷದ ಮಗಳಿಗೆ ಹುಟ್ಟಿನಿಂದ ಎಡಗೈ ಮೊಣಕೈವರೆಗೆ ಮಾತ್ರ ಇದೆ ಎಂದಿದ್ದರು. ಓಡಿದ ದೂರ ನೋಡಿ ದಾನಿಗಳು ನೆರವಾಗುವುದೆಂದು ಮಾತಾಗಿತ್ತು. ಸ್ಕೂಟರಿನಲ್ಲಿ ಜತೆಗಿದ್ದು, ದಿನದ ಓಟಕ್ಕೆ ಸಹಿ ಹಾಕುವ ಹೊಣೆ ನನ್ನದು.

ಮೊದಲ ದಿನವೇ ನನಗೆ ಅನುಮಾನ ಬಂತು. ಬ್ಯಾನರಿನಲ್ಲಿ ಮಗಳ ಫೋಟೋ ಇರಲಿಲ್ಲ. ಕೇಳಿದರೆ ಆಕೆ ಶೂ ಲೇಸು ಬಿಗಿಯುತ್ತ ಮಾತು ತಪ್ಪಿಸಿದರು. ಮಗಳು ನಿಜಕ್ಕೂ ಇದ್ದಾಳೆಯೇ?

ಮೂರನೆಯ ದಿನ, ಹಾನಗಲ್ ದಾಟಿದ ಮೇಲೆ, ನಾನು ಮುಂದೆ ಹೋಗಿ ಚಹಾದಂಗಡಿಯಲ್ಲಿ ಕಾದೆ. ಅರ್ಧ ಗಂಟೆಯ ದಾರಿಗೆ ಆಕೆ ಒಂದೂವರೆ ಗಂಟೆ ತೆಗೆದುಕೊಂಡರು. ಮುಖದಲ್ಲಿ ಬೆವರೂ ಅಷ್ಟಾಗಿ ಇರಲಿಲ್ಲ. ನಾಲ್ಕನೆಯ ದಿನವೂ ಹಾಗೆಯೇ. ಅಷ್ಟರಲ್ಲಿ ಚಹಾಕ್ಕೆ ನಿಂತ ಹಾಲಿನ ಗಾಡಿಯವನು ಮೆಲ್ಲಗೆ ಹೇಳಿದ: "ಆಕಿ ಆಟೋ ಹತ್ತಿದ್ದು ನಾ ನೋಡೇನ್ರಿ ಸರ."

ಆ ಎರಡೂ ದಿನದ ಹಾಳೆಗೆ ನಾನು ಸಹಿ ಹಾಕಲಿಲ್ಲ. ಆಕೆಗೆ ಕಾರಣವನ್ನೂ ಹೇಳಲಿಲ್ಲ. ಕೈಗೆ ಸಿಕ್ಕಿಬೀಳಲಿ ಎಂದು ಕಾದೆ.

ಐದನೆಯ ದಿನ ಮುಂದೆ ಹೋದಂತೆ ಮಾಡಿ ಸ್ಕೂಟರ್ ಹಿಂದಕ್ಕೆ ತಿರುಗಿಸಿದೆ. ಆಕೆ ಡಾಂಬರು ಬಿಟ್ಟು ಒಂದು ಹಳ್ಳಿಯೊಳಗೆ ನಡೆದುಹೋದರು. ಹೋಗಿ ನೋಡಿದರೆ ಒಂದು ಮನೆಯ ಹೊಸ್ತಿಲ ಹೊರಗೆ ಆಕೆಯ ಶೂ. ನಾನು ಕೂಗುವಷ್ಟರಲ್ಲಿ ಆಕೆಯೇ ಹೊರಬಂದರು.

"ಜೋರು ಮಾತಾಡಬ್ಯಾಡ್ರಿ ಸರ. ಒಳಗ ಆರು ವರ್ಷದ ಹುಡುಗಿ ಐತ್ರಿ, ಬಲಗೈ ಇಲ್ಲ. ಅಕ್ಕನ ಮದುವಿ ತಪ್ಪತೈತಿ ಅಂತ ಹೊರಗ ಬಿಟ್ಟಿಲ್ಲ. ನಾ ಓಡೂದು ನೋಡಿ ದಾರ್ಯಾಗ ಹೆಣ್ಮಕ್ಕಳು ಯಾಕ ಅಂತ ಕೇಳ್ತಾರ. ಹೇಳಿದ್ರ, ಇಂಥಾ ಮನ್ಯಾಗೂ ಒಂದು ಕೂಸು ಐತಿ ಅಂತ ಕಿವ್ಯಾಗ ಹೇಳ್ತಾರ್ರಿ."

"ಮತ್ತೆ ಆಟೋ?"

"ಹತ್ತೇನ್ರಿ. ಆವತ್ತು ಹೋದ ಹಳ್ಳಿ ರಸ್ತೇದಿಂದ ದೂರ ಇತ್ತು. ಬಿಟ್ಟ ಜಾಗಾದಿಂದನ ಮತ್ತ ಓಡೇನಿ. ಈ ಮಂದಿಗೆ ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಟ್ಟಿದ್ದೆ, ಅದಕ್ಕ ನಿಮಗ ಹೇಳ್ಲಿಲ್ಲ."

"ನಾನು ನೋಡಿಲ್ಲವಲ್ಲ" ಎಂದೆ.

"ಹಂಗಾದ್ರ ಆ ಎರಡು ದಿನದ ದಾರಿ ಮತ್ತೊಮ್ಮೆ ಓಡ್ತೇನಿ. ನೀವು ಹಿಂದನ ಬರ್ರಿ."

ಆಗ ಬಾಗಿಲಿಗೆ ಬಂದ ಅಜ್ಜಿಯ ಗುರುತು ಹತ್ತಿತು. ಹಿಂದಿನ ವರ್ಷ ಇದೇ ಅಂಗಳದಲ್ಲಿ ನಿಂತು ನಾನು ಸಮೀಕ್ಷೆಯ ಪ್ರಶ್ನೆ ಕೇಳಿದ್ದೆ. "ಯಾರೂ ಇಲ್ರಿ" ಎಂದಿದ್ದಳು. ನಾನು ಹಾಗೆಯೇ ಬರೆದುಕೊಂಡು ಹೋಗಿದ್ದೆ.

ಸವಣೂರು ಮುಟ್ಟಿದ ದಿನ ಶಮೀಮಬಾನು ಅವರ ಮಗಳು ಮೊಂಡು ಎಡಗೈಯಲ್ಲಿ ತಂಬಿಗೆ ಅವುಚಿ ನನಗೆ ನೀರು ತಂದಳು. ಫೋಟೋ ಯಾಕಿಲ್ಲ ಎಂದು ಅವಳನ್ನೇ ಕೇಳಿದೆ. "ನಾನ ಬ್ಯಾಡ ಅಂದೇನ್ರಿ" ಎಂದಳು.

ಮರುದಿನದಿಂದ ತಾಯಿ ಆ ಎರಡು ದಿನದ ದಾರಿಯನ್ನು ಮತ್ತೆ ಓಡಿದರು. ಈ ಸಲ ನಾನು ಕಣ್ಣು ಕೀಳದೆ ಹಿಂದೆ ಹೋದೆ, ಸಹಿ ಹಾಕಿದೆ. ಶಿಬಿರಕ್ಕೆ ನನ್ನ ಪಟ್ಟಿಯಲ್ಲಿಲ್ಲದ ಮೂವರು ಮಕ್ಕಳು ಬಂದರು; ಆ ಆರು ವರ್ಷದವಳೂ ಅಜ್ಜಿಯ ಸೆರಗು ಹಿಡಿದು ಬಂದಿದ್ದಳು.

ಅನುಮಾನ ನಮ್ಮ ವೃತ್ತಿಗೆ ಬೇಕು, ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ನಾನದನ್ನು ಮಗುವಿದೆ ಎಂದವಳ ಮೇಲೆ ಇಟ್ಟಿದ್ದೆ, ಇಲ್ಲ ಎಂದ ಬಾಗಿಲಿನ ಮೇಲಲ್ಲ. ಉಳಿದ ಅವಧಿಯಲ್ಲಿ "ಯಾರೂ ಇಲ್ರಿ" ಎಂದ ಪ್ರತಿ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಪೆನ್ನು ತೆಗೆಯುತ್ತಿದ್ದೆ.