ಶಾಂತಕ್ಕನ ಗಿಳಿಯ ಬಾಲ

ಶಾಂತಕ್ಕ ಯಾವ ಬಟ್ಟೆಯನ್ನೂ ಮೊದಲು ಹಿಂಬದಿಯಿಂದಲೇ ನೋಡುತ್ತಿದ್ದರು. ನಾವು ನವನಗರದ ಮನೆಗೆ ಬಂದ ದಿನ ಪಕ್ಕದ ಮನೆಯಿಂದ ಚಹಾ ತಂದವರು, ನನ್ನ ಸೆರಗು ತಿರುವಿ, "ಮಷಿನ್ ಕಸೂತಿ ಐತಿದು. ಹಿಂದ ನೋಡು, ದಾರದ ಸಂತಿ ನೆರದೈತಿ" ಅಂದರು. ಕೈಕಸೂತಿಯೆಂದು ನಂಬಿ ಕೊಂಡ ಸೀರೆ ಅದು. ಸಿಟ್ಟೇನೋ ಬಂತು, ಆದರೆ ವಾರದೊಳಗೆ ಅವರ ಕಟ್ಟೆಯ ಮೇಲೆ ಸೂಜಿ ಹಿಡಿದು ಕೂತಿದ್ದೆ.

ಅವರು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿರಲಿಲ್ಲ, ದಾರಕ್ಕೆ ಗಂಟು ಹಾಕುತ್ತಿರಲಿಲ್ಲ. ಎಳೆ ಎಣಿಸಿ ಹೊಲಿದರೆ ಎರಡೂ ಬದಿ ಒಂದೇ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವುದರಿಂದ ಅರ್ಧ ಬೈಗುಳ ಅಲ್ಲೇ ಉಳಿಯುತ್ತಿತ್ತು. ಅವರು ಹೊಲಿಯುವ ಪ್ರತಿ ಗಿಳಿಯ ಬಾಲದಲ್ಲೂ ಒಂದು ಹೊಲಿಗೆ ಕಡಿಮೆ ಇರುತ್ತಿತ್ತು. ಕೇಳಿದರೆ, "ಪೂರಾ ಆದ್ರ ದೃಷ್ಟಿ ಆಗತೈತಿ. ಮತ್ತ ಎಲ್ಲಿ ಹಾರಿ ಹೋದ್ರೂ ನನ್ನ ಗಿಳಿ ನನಗ ಗುರುತ ಸಿಗತೈತಿ" ಅನ್ನುತ್ತಿದ್ದರು.

ಇನ್‌ಸ್ಟಾಗ್ರಾಮಿನಲ್ಲಿ ಅವರ ಪೇಜು ಮಾಡಿದವಳು ನಾನು. "ಫೋಟೋದ ಮ್ಯಾಲ ನನ್ನ ಹೆಸರ ಬರಿ" ಅಂದರು. ಅಂದ ಕೆಡುತ್ತದೆ ಎಂದು ನಾನು ಬರೆಯಲಿಲ್ಲ. ಬಾಲದ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತಿತ್ತೆಂದು ಫೋನಿನಲ್ಲೇ ಫೋಟೊ ತಿದ್ದಿ ತುಂಬಿಬಿಟ್ಟೆ. ಅವರಿಗೆ ಹೇಳಲೂ ಇಲ್ಲ. ಜಾಣತನ ಹೆಚ್ಚಾಗಿತ್ತು ನನಗೆ.

ಒಂದು ಮಧ್ಯಾಹ್ನ ಬೈರಿದೇವರಕೊಪ್ಪದಿಂದ ಸೀರೆಗೆ ಕಸೂತಿ ಹಾಕಿಸಲು ಬಂದ ಹೆಂಗಸು ಫೋನು ಮುಂದೆ ಹಿಡಿದಳು. "ಇವರ ಡಿಸೈನ್ ನೋಡಿ ಮಾಡೀರೇನ್ರಿ ನೀವು?" ಯಾವುದೋ ಅಂಗಡಿಯ ಪೇಜು. ಫೋಟೊ ನಾವು ಹಾಕಿದ್ದೇ, ಹೆಸರು ಮಾತ್ರ ಆ ಅಂಗಡಿಯದು.

ಶಾಂತಕ್ಕ ತುಟಿಯ ಸೂಜಿ ತೆಗೆದು ಕೆಳಗಿಟ್ಟರು. "ಬಾಲ ದೊಡ್ಡದ ಮಾಡಿ ನೋಡ್ರಿ. ನಂದಾದ್ರ ಒಂದ ಹೊಲಿಗಿ ಕಡಿಮಿ ಇರತೈತಿ."

ಬಾಲ ಪೂರಾ ಇತ್ತು. ಹೆಂಗಸು ಸೀರೆ ಮಡಚಿಕೊಂಡು ಎದ್ದಳು. ತುಂಬಿದ್ದು ನಾನೆಂದು ಆಗಲೇ ಹೇಳಬಹುದಿತ್ತು. ಅವಳು ಗೇಟು ದಾಟಿದ ಮೇಲೆ ಹೇಳಿದೆ.

"ನೀನ ತುಂಬಿದಿ ಏನವಾ?" ಅಂದರು ಶಾಂತಕ್ಕ. ಬೈದಿದ್ದರೆ ಚೆನ್ನಾಗಿತ್ತು.

ಆ ಪೇಜಿನ ಮೇಲೆ ಇನ್‌ಸ್ಟಾಗ್ರಾಮಿಗೆ ದೂರು ಕೊಟ್ಟೆ. ಅಲ್ಲಿಂದ ತಿದ್ದದ ಮೂಲ ಫೋಟೊ ಕೇಳಿದರು. ಫೋನು ತುಂಬಿತೆಂದು ನಾನು ಅದನ್ನು ಎಂದೋ ಅಳಿಸಿದ್ದೆ. ಫೋಟೊದಲ್ಲಿದ್ದ ಸೀರೆಯೂ ಯಾರದೋ ಊರು ಸೇರಿತ್ತು. ಶಾಂತಕ್ಕನೇ ಡಿಸೈನ್ ಕದ್ದರೆಂಬ ಮಾತು ಮಾತ್ರ ನಮ್ಮ ಓಣಿಯವರೆಗೂ ಬಂತು. ಅವರು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು.

ಹೋದ ವರ್ಷ, ಹಾಸಿಗೆ ಹಿಡಿದಿದ್ದಾಗ ಕರೆದು, ಒಂದು ಕುಪ್ಪಸದ ಕಣ ಕೈಗಿಟ್ಟರು. ಅಂಚಿನಲ್ಲಿ ಒಂದೇ ಗಿಳಿ. ನಾನು ಬಾಲದ ಮೇಲೆ ಬೆರಳಾಡಿಸಿ ಆ ಖಾಲಿ ಜಾಗ ಹುಡುಕಿದೆ. ಸಿಗಲಿಲ್ಲ.

"ನಿನಗ ಕೊರತಿ ಇದ್ರ ಸೇರೂದಿಲ್ಲಲ್ಲ, ಅದಕ್ಕ ಪೂರಾ ಮಾಡೇನಿ ತಂಗಿ" ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ.

ಅವರು ಹೋಗಿ ಏಳು ತಿಂಗಳಾಯಿತು. ಕಣ ಕಪಾಟಿನಲ್ಲಿದೆ. ಆಗಾಗ ತೆಗೆದು, ಅವರ ಹಾಗೆಯೇ ಹಿಂಬದಿಯಿಂದ ನೋಡುತ್ತೇನೆ. ಒಂದೂ ಗಂಟಿಲ್ಲ. ಇದು ಶಾಂತಕ್ಕನ ಗಿಳಿಯೆಂದು ತೋರಿಸಲು ಏನೂ ಇಲ್ಲ.